ಮುಚ್ಚಿದ ಗಿರಣಿಯ ದೀಪ

ಗುಬ್ಬಿ
೬–೨–೧೯೮೧, ಶುಕ್ರವಾರ

ಕಮಲಕ್ಕನಿಗೆ,

ಈ ಹೊತ್ತು ಬೆಳಿಗ್ಗೆ ಗಿರಣಿಯ ನಡುಬಾಗಿಲ ಕೆಳಗಿಂದ ನೀರು ಬಂದಿತ್ತು. ಬಹಳವಲ್ಲ. ಬೆರಳಗಲದ ಒಂದು ಗೆರೆ, ನೆಲದ ಮೇಲಿನ ಹಳೆಯ ರಾಗಿಹಿಟ್ಟಿನ ಧೂಳನ್ನು ಮುಂದಕ್ಕೆ ತಳ್ಳಿಕೊಂಡು ಮೋಟಾರಿನ ಕಟ್ಟೆಯವರೆಗೂ ಹರಿದು ನಿಂತಿತ್ತು. ನಾನು ಸ್ಟೂಲಿನ ಮೇಲೆ ಕಾಲೆತ್ತಿಕೊಂಡು ಕೂತು ಅದನ್ನೇ ನೋಡುತ್ತಿದ್ದೆ. ಒಂಬತ್ತು ವರ್ಷದಿಂದ ಮುಚ್ಚಿರುವ ಕಡೆಯಿಂದ ನೀರು ಹೇಗೆ ಬರುತ್ತದೆ ಎಂದು ಮೊದಲು ಹೆದರಿಕೆಯಾಯಿತು. ಆಮೇಲೆ ಹೊಳೆಯಿತು: ಆ ಕಡೆಯ ನಲ್ಲಿಯಲ್ಲಿ ಇನ್ನೂ ನೀರು ಬರುತ್ತಿದೆ ಎಂದರೆ ಅದರ ಕಂದಾಯವನ್ನು ಯಾರೋ ಕಟ್ಟುತ್ತಿದ್ದಾರೆ.

ಹಿಂದಿನ ಬೀದಿಯ ಪುಟ್ಟಗಂಗಮ್ಮನನ್ನು ಕೇಳಿದೆ. "ಬುದ್ವಾರ ಒಬ್ಬಮ್ಮ ಬತ್ತಾಳೆ ಕಣವ್ವ, ಕುಣಿಗಲ್ ಕಡೆಯೋಳು. ನಿಂದೇ ಮೂಗು" ಎಂದಳು. ಹಾಗಾದರೆ ನೀನೇ ಎಂದುಕೊಂಡು ಬರೆಯುತ್ತಿದ್ದೇನೆ.

ನಾನು ತುಳಸಿ, ನಿನ್ನ ದೊಡ್ಡಪ್ಪ ವೆಂಕಟೇಶಯ್ಯನವರ ಮಗಳು. ನೀನು ನನ್ನನ್ನು ಕೊನೆಗೆ ನೋಡಿದಾಗ ನಾನು ಎರಡು ಜಡೆ ಹಾಕಿಕೊಳ್ಳುತ್ತಿದ್ದೆ. ಹೋದ ವರ್ಷ ತುಮಕೂರಿನಲ್ಲಿ ಬಿ.ಎ. ಮುಗಿಸಿದೆ, ಕನ್ನಡ ತೆಗೆದುಕೊಂಡು. ಅಪ್ಪನ ಎಡಗಾಲಿಗೆ ಲಕ್ವ ಹೊಡೆದ ಮೇಲೆ ಪ್ರತಿ ಶುಕ್ರವಾರ ತುಮಕೂರಿನ ಮನೆಯಿಂದ ಗುಬ್ಬಿಗೆ ಬರುವ ಕೆಲಸ ನನ್ನದು. ಬೀಗ ತೆಗೆಯುವುದು, ಕಸ ಗುಡಿಸುವುದು, ಮೋಟಾರಿಗೆ ಅರಿಶಿನ ಕುಂಕುಮ ಇಡುವುದು. ತಿಂಗಳಿಗೊಮ್ಮೆ ಕರೆಂಟ್ ಆಫೀಸಿಗೆ ಹೋಗಿ ಮಿನಿಮಮ್ ಚಾರ್ಜು ಕಟ್ಟುವುದು. ಗಿರಣಿ ತಿರುಗಲಿ, ತಿರುಗದಿರಲಿ, ಮೋಟಾರಿನ ಹಾರ್ಸ್‌ಪವರ್ ಲೆಕ್ಕದಲ್ಲಿ ಇಷ್ಟು ಎಂದು ಕಟ್ಟಲೇಬೇಕಲ್ಲ. ಜೊತೆಗೆ ಒಂದು ಬಲ್ಬು ಹಗಲೂ ರಾತ್ರಿ ಉರಿಯುತ್ತಿರಬೇಕು. ಮೀಟರು ನಿಂತಿದ್ದು ಕಂಡರೆ ಇಲ್ಲಿ ಯಾರೂ ಇಲ್ಲವೆಂದು ಲೈನು ಕಿತ್ತುಕೊಂಡು ಹೋಗುತ್ತಾರೆ ಎಂದು ಅಪ್ಪನಿಗೆ ಯಾರೋ ಹೇಳಿದ್ದಾರೆ.

ನಮ್ಮ ಮನೆಯಲ್ಲಿ ಹೇಳುವ ಕಥೆ ಇಷ್ಟು. ಮುಂದಿನ ಹಿಟ್ಟಿನ ಗಿರಣಿ ಅಪ್ಪನದು. ಹಿಂದಿನ ಅವಲಕ್ಕಿ ಮಿಲ್ಲು ಚಿಕ್ಕಪ್ಪನದು. ಎರಡಕ್ಕೂ ಒಂದೇ ಮೋಟಾರು, ಗೋಡೆಯ ತೂತಿನಲ್ಲಿ ಬೆಲ್ಟು ಹಾಯುತ್ತಿತ್ತು. ಚಿಕ್ಕಪ್ಪ ಭತ್ತ ನೆನೆಹಾಕಿದ ನೀರು ಈ ಕಡೆ ನುಗ್ಗಿ ಗಿರಾಕಿಗಳ ಹಿಟ್ಟೆಲ್ಲ ಮುದ್ದೆಯಾಯಿತು, ಕೇಳಿದ್ದಕ್ಕೆ ಚಿಕ್ಕಪ್ಪ ಜಗಳಕ್ಕೆ ಬಂದರು. ನಿಮ್ಮ ಮನೆಯಲ್ಲಿ ಬೇರೆ ಕಥೆ ಇರಬಹುದು. ಚನ್ನವೀರಯ್ಯನವರು ಪಂಚಾಯ್ತಿ ಮಾಡಿ ಹೇಳಿದ ಮಾತು ಮಾತ್ರ ಎರಡು ಮನೆಗೂ ಒಂದೇ ಅಲ್ಲವೇ? "ಈಗ ಇಬ್ರಿಗೂ ಕೋಪ. ಮಿಲ್ಲು ಮುಚ್ಚಿರ‍್ಲಿ. ಯಾರು ತಮ್ಮ ಕಡೇದನ್ನ ಕೈಬಿಡದೆ ನೋಡ್ಕೊಂಡಿರ್ತಾರೋ, ಪಾಲು ಮಾಡೋವಾಗ ಅವರ ಮಾತು ಮೊದಲು."

ಇದನ್ನು ಬಾಗಿಲ ಕೆಳಗೆ, ನೀರು ಮುಟ್ಟದ ಎಡಮೂಲೆಯಲ್ಲಿ ತಳ್ಳುತ್ತೇನೆ. ಮನೆಗೆ ಅಂಚೆಯಲ್ಲಿ ಏನೂ ಕಳಿಸಬೇಡ. ಉತ್ತರ ಬರೆಯಲೇಬೇಕು ಎಂದೇನೂ ಇಲ್ಲ. ಕಮಲಕ್ಕನಲ್ಲದೆ ಬೇರೆ ಯಾರಾದರೂ ಓದುತ್ತಿದ್ದರೆ ದಯವಿಟ್ಟು ಹರಿದುಹಾಕಿ.

ಇಂತಿ,
ತುಳಸಿ

*

ಗುಬ್ಬಿ, ಗೋಡೆಯ ಈಚೆ
೧೮–೨–೧೯೮೧

ತುಳಸಿ,

ಬೇರೆ ಯಾರೂ ಓದಲಿಲ್ಲ. ನಾನೇ ಓದಿದೆ, ಹರಿಯಲಿಲ್ಲ.

ನೀರು ನುಗ್ಗಿಸಿ ಹಿಟ್ಟು ಕೆಡಿಸಿದ್ದು ನಮ್ಮಪ್ಪ ಎನ್ನುವುದು ನಿಮ್ಮ ಮನೆಯ ಕಥೆ. ದೀಪಾವಳಿ ಎದುರಿಗಿದ್ದಾಗ ಬೆಲ್ಟು ಕಳಚಿ, ಭತ್ತ ನೆಂದು ಮೊಳಕೆ ಬರುವ ಹಾಗೆ ಮಾಡಿದ್ದು ದೊಡ್ಡಪ್ಪ ಎನ್ನುವುದು ನಮ್ಮದು. ಎರಡೂ ನಿಜ ಕಣೇ. ಅದೇ ತೊಂದರೆ. ಒಂದಾದರೂ ಸುಳ್ಳಾಗಿದ್ದರೆ ಇಷ್ಟು ಹೊತ್ತಿಗೆ ಯಾರಾದರೊಬ್ಬರು ಕ್ಷಮೆ ಕೇಳಿರುತ್ತಿದ್ದರು.

ನಾನು ಎಂಟು ವರ್ಷದಿಂದ ಬರುತ್ತಿದ್ದೇನೆ, ತಿಂಗಳಿಗೆ ಎರಡು ಬುಧವಾರ. ನೀನು ಕರೆಂಟು, ನಾನು ನೀರು. ಪುರಸಭೆಗೆ ಹೋಗಿ ನಲ್ಲಿ ಕಂದಾಯ ಕಟ್ಟುತ್ತೇನೆ, ಹಿಂದಿನ ಬೀಗ ತೆಗೆದು ಒಳಗೆ ಬಂದು ಭತ್ತ ನೆನೆಸುವ ತೊಟ್ಟಿ ತೊಳೆಯುತ್ತೇನೆ. ಏನೂ ನೆನೆಸದ ತೊಟ್ಟಿ. ಹೊರಡುವಾಗ ನಲ್ಲಿಯನ್ನು ಒಂದು ಎಳೆ ಬಿಟ್ಟು ಹೋಗಬೇಕೆಂದು ಅಪ್ಪನ ಆಜ್ಞೆ. ನಲ್ಲಿಯ ಬಾಯಿ ಒಣಗಿದ್ದು ಕಂಡರೆ ಸಂಪರ್ಕ ತೆಗೆಯುತ್ತಾರೆ ಎಂದು ಅವರಿಗೂ ಯಾರೋ ಹೇಳಿದ್ದಾರೆ. ಅಣ್ಣತಮ್ಮಂದಿರಿಗೆ ಹೇಳುವವರೂ ಒಂದೇ ತರಹದವರು.

ಆ ನೀರು ಚರಂಡಿಗೆ ಹೋಗುವುದನ್ನು ನೋಡಲಾರದೆ ಹೋದ ವರ್ಷ ಒಂದು ರಬ್ಬರ್ ಪೈಪು ಸಿಕ್ಕಿಸಿ ಗೋಡೆಯಾಚೆ ಪುಟ್ಟಗಂಗಮ್ಮನ ಹಂಡೆಗೆ ಬಿಟ್ಟಿದ್ದೇನೆ. ಅಪ್ಪನಿಗೆ ಗೊತ್ತಿಲ್ಲ. ಆವತ್ತು ಪೈಪು ಕಳಚಿಕೊಂಡಿರಬೇಕು, ಅದಕ್ಕೇ ನಿನ್ನ ಕಡೆ ಬಂದಿತು. ಹಿಟ್ಟು ಏನೂ ಇರಲಿಲ್ಲವಷ್ಟೆ?

ಕುಣಿಗಲ್ಲಿನಿಂದ ಬಂದು ತುಮಕೂರಿನಲ್ಲಿ ಬಸ್ಸು ಬದಲಾಯಿಸಬೇಕು. ಗುಬ್ಬಿ ಬಸ್ಸು ನಿಮ್ಮ ಬೀದಿಯ ತುದಿಯಲ್ಲೇ ಹಾಯುತ್ತದೆ. ನಾನು ಯಾವಾಗಲೂ ಆ ಬದಿಯ ಕಿಟಕಿಯಲ್ಲೇ ಕೂರುತ್ತೇನೆ.

ಮನೆಯಲ್ಲಿ ರವಿಕೆ ಹೊಲಿಯುತ್ತೇನೆ. ನಿನ್ನ ಅಳತೆ ಈಗ ಗೊತ್ತಿಲ್ಲ.

ನಿನ್ನ,
ಕಮಲ

*

ಗುಬ್ಬಿ
೨೭–೨–೧೯೮೧

ಪ್ರೀತಿಯ ಕಮಲಕ್ಕ,

ನಿನ್ನ ಕಾಗದವನ್ನು ಒಂದು ಇಟ್ಟಿಗೆ ಚೂರಿನ ಮೇಲೆ ಇಟ್ಟು ತಳ್ಳಿದ್ದೆಯಲ್ಲ, ಅದನ್ನು ನೋಡಿಯೇ ನನಗೆ ಧೈರ್ಯ ಬಂದಿತು.

ಇಲ್ಲಿ ಕೂತಿರುವಾಗ ಆ ಬಲ್ಬಿನ ಕೆಳಗೆ ಓದುತ್ತೇನೆ. ಹೋದ ವಾರ ಮೀಟರ್ ನೋಡಲು ಬಂದ ದಾಸಯ್ಯ ಬಾಗಿಲಲ್ಲೇ ನಿಂತು, "ಈ ದೀಪ ಯಾರಿಗಮ್ಮ, ಇಲಿಗಾ?" ಎಂದರು. ನಾನು ತಲೆ ತಗ್ಗಿಸಿದೆ. "ಹೋಗ್ಲಿ ಬಿಡಿ, ಇಲೀನೂ ಓದ್ಕೊಂಡು ಬುದ್ವಂತ ಆಗ್ಲಿ" ಎಂದು ನಕ್ಕು ಹೋದರು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಒಳ್ಳೆಯ ಉತ್ತರ ಹೊಳೆಯಿತು. ನನಗೆ ಉತ್ತರಗಳು ಯಾವಾಗಲೂ ಬಸ್ಸಿನಲ್ಲೇ ಹೊಳೆಯುತ್ತವೆ.

ನಿನಗೆ ಒಂದು ವಿಷಯ ಹೇಳಬೇಕು. ಪ್ರತಿ ಶುಕ್ರವಾರ ನಾನು ಮನೆಗೆ ಹೋದ ಕೂಡಲೆ ಅಪ್ಪ ಕೇಳುವ ಪ್ರಶ್ನೆಗಳಿಗೆ ಒಂದು ಕ್ರಮ ಇದೆ. ಬೀಗ ಸರಿಯಾಗಿದೆಯಾ. ಬಲ್ಬು ಉರಿಯುತ್ತಿದೆಯಾ. ಗೆದ್ದಲು ಬಂದಿದೆಯಾ. ಆಮೇಲೆ ಕನ್ನಡಕ ಒರೆಸುತ್ತ, ಬೇರೆ ಕಡೆ ನೋಡುತ್ತ, "ಆ ಕಡೆ ಹೇಗಿದೆ?" ಎನ್ನುತ್ತಾರೆ. ಇಷ್ಟು ದಿನ, ಗೊತ್ತಿಲ್ಲ, ಬಾಗಿಲು ಮುಚ್ಚಿದೆ ಎನ್ನುತ್ತಿದ್ದೆ. ನೀರು ಕಂಡ ದಿನ, "ನೀರು ಬರ್ತಿದೆಯಪ್ಪ, ನೆಲ ಒದ್ದೆ ಇತ್ತು" ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಆವತ್ತು ಊಟಕ್ಕೆ ಕೂತವರು ಎರಡನೇ ಸಲ ಸಾರು ಹಾಕಿಸಿಕೊಂಡರು. ಅಮ್ಮ ನನ್ನ ಮುಖ ನೋಡಿದಳು.

ಅದರರ್ಥ ಏನು ಎಂದು ನಾನು ಇನ್ನೂ ಬರೆಯಲಾರೆ.

ಚನ್ನವೀರಯ್ಯನವರು ತೀರಿಕೊಂಡದ್ದು ನಿಮ್ಮ ಮನೆಗೆ ಗೊತ್ತಿದೆಯೆ? ನಮ್ಮ ಮನೆಯಲ್ಲಿ ಗೊತ್ತಿದೆ, ಆದರೆ ಆ ಮಾತು ಯಾರೂ ಎತ್ತುವುದಿಲ್ಲ.

ಹುಲಿಯೂರುದುರ್ಗದ ಒಂದು ಹೈಸ್ಕೂಲಿಗೆ ಕನ್ನಡ ಮೇಡಂ ಬೇಕಂತೆ. ಅರ್ಜಿ ಹಾಕಿದ್ದೇನೆ. ಇದನ್ನು ನಿನಗೊಬ್ಬಳಿಗೇ ಹೇಳಿದ್ದು.

ನಿನ್ನ ತಂಗಿ,
ತುಳಸಿ

*

ಗುಬ್ಬಿ
೧೧–೩–೧೯೮೧

ತುಳಸಿ,

ಗೊತ್ತಿಲ್ಲದೆ ಏನು? ಅಪ್ಪ ಅವರ ಮಣ್ಣಿಗೆ ಹೋಗಿದ್ದರು. ದೊಡ್ಡಪ್ಪನೂ ಬಂದಿದ್ದರಂತೆ. ಒಬ್ಬರು ಚಪ್ಪರದ ಕೆಳಗೆ ಇದ್ದಷ್ಟು ಹೊತ್ತು ಇನ್ನೊಬ್ಬರು ರಸ್ತೆಯಲ್ಲಿ ನಿಂತರಂತೆ. ಮನೆಗೆ ಬಂದು ಸ್ನಾನ ಮಾಡಿ ಅಪ್ಪ ಆಡಿದ ಮಾತು ಒಂದೇ: "ಅಣ್ಣ ಕೋಲು ಹಿಡ್ಕೊಂಡಿದಾನೆ ಕಣೇ." ರಾತ್ರಿ ಊಟ ಮಾಡಲಿಲ್ಲ. ಮಾರನೆಯ ದಿನ ನನ್ನನ್ನು ಕರೆದು, ನಲ್ಲಿ ಕಂದಾಯ ಬಾಕಿ ಉಳೀಬಾರದು, ಬೇಗ ಹೋಗಿ ಬಾ ಎಂದರು.

ತೀರ್ಪು ಹೇಳಬೇಕಾದವರು ಹೋದರು. ಅವರ ಮಾತನ್ನು ಹಿಡಿದುಕೊಂಡು ನಾವು ಇನ್ನೂ ಓಡುತ್ತಿದ್ದೇವೆ. ಪಾಲು ಮಾಡೋಣ ಎಂದು ಮೊದಲು ಬಾಯಿ ಬಿಟ್ಟವರು ಸೋತಂತೆ ಎಂದು ಇಬ್ಬರಿಗೂ ಅನ್ನಿಸಿದೆ. ಬಿಲ್ಲು ಕಟ್ಟುವುದನ್ನು ಮೊದಲು ನಿಲ್ಲಿಸಿದವರೂ ಸೋತಂತೆ. ಬಾಡಿಗೆಗೆ ಕೇಳಿಕೊಂಡು ಬಂದವರಿಗೆ, ಅವರ ಕಡೆಯವರು ಒಪ್ಪಲಿ ಎಂದು ಅಪ್ಪ, ಇವರ ಕಡೆಯವರು ಒಪ್ಪಲಿ ಎಂದು ದೊಡ್ಡಪ್ಪ. ಈಗ ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಗಿರಣಿ ಬಂದಿದೆ, ಕೇಳುವವರೂ ಇಲ್ಲ.

ಅಪ್ಪನೂ ಕೇಳುತ್ತಾರೆ. ನಾನು ಬಸ್ಸಿಳಿದು ಮನೆಗೆ ಬಂದಾಗ ಅವರು ಜಗಲಿಯ ಮೇಲೆ ಇರುತ್ತಾರೆ. "ಆ ಕಡೆ ದೀಪ ಇದೆಯಾ?" ಬೆಲ್ಟಿನ ತೂತಿಗೆ ದೊಡ್ಡಪ್ಪ ಹಲಗೆ ಹೊಡೆಸಿದ್ದಾರಲ್ಲ, ಅದರ ಸಂದಿಯಲ್ಲಿ ಒಂದು ಹಳದಿ ಗೆರೆ ಕಾಣುತ್ತದೆ. ಇದೆ ಎನ್ನುತ್ತೇನೆ. "ಹೂಂ. ಬಿಡೋನಲ್ಲ ಅವನು" ಎನ್ನುತ್ತಾರೆ. ಬೈದ ಹಾಗೆಯೇ ಹೇಳುತ್ತಾರೆ. ಆದರೆ ಹೇಳಿ ಎದ್ದು ಒಳಗೆ ಹೋಗುವಾಗ ಮೆಲ್ಲಗೆ ಏನೋ ರಾಗ ಹಾಡಿಕೊಳ್ಳುತ್ತಿರುತ್ತಾರೆ.

ನಿನಗೆ ಬರೆಯಲಾರದ ಅರ್ಥ ಅದೇ ಇರಬೇಕು. ನಾನೂ ಬರೆಯುವುದಿಲ್ಲ.

ಕೆಲಸದ ವಿಷಯ ಆದಷ್ಟು ಬೇಗ ಮನೆಯಲ್ಲಿ ಹೇಳು. ತಡಮಾಡಿದರೆ ಹೇಳುವುದಕ್ಕೇ ಆಗುವುದಿಲ್ಲ.

ಕಮಲ

*

ಗುಬ್ಬಿ
೩–೪–೧೯೮೧

ಪ್ರೀತಿಯ ಕಮಲಕ್ಕ,

ನಾಡಿದ್ದು ಯುಗಾದಿ. ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿಯೇ ಬರಬೇಕೆಂದು ಅಪ್ಪ ಕೊಟ್ಟು ಕಳಿಸಿದ್ದರು, ಕಟ್ಟಿದ್ದೇನೆ. ಸ್ವಲ್ಪ ಉಳಿದಿದೆ. ಬಾಗಿಲ ಕೆಳಗೆ ತಳ್ಳುತ್ತೇನೆ. ಬುಧವಾರಕ್ಕೆ ಬಾಡಿರುತ್ತದೆ, ಆದರೂ.

ಕೆಲಸ ಸಿಕ್ಕಿತು. ಜೂನ್ ಎಂಟನೇ ತಾರೀಕು ಸೋಮವಾರ ಶಾಲೆ ಶುರುವಾಗುವ ದಿನವೇ ಬಂದು ಸೇರಬೇಕು, ಇಲ್ಲದಿದ್ದರೆ ಇನ್ನೊಬ್ಬರನ್ನು ತೆಗೆದುಕೊಳ್ಳುತ್ತೇವೆ ಎಂದು ಹೆಡ್‌ಮಾಸ್ಟರು ಹೇಳಿದ್ದಾರೆ. ಸಂದರ್ಶನಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ, ಅಪ್ಪನಿಗೆ ದೇವಸ್ಥಾನಕ್ಕೆ ಎಂದು ಹೇಳಿ. ಐವರು ಕೂತಿದ್ದರು. ಕೇಳಿದ್ದಕ್ಕೆಲ್ಲ ಉತ್ತರ ಅಲ್ಲೇ ಬಂದಿತು ಕಮಲಕ್ಕ, ಬಸ್ಸಿನವರೆಗೂ ಕಾಯಬೇಕಾಗಲಿಲ್ಲ. ನನ್ನ ಧ್ವನಿಯನ್ನು ನಾನೇ ಬೇರೆ ಯಾರದೋ ಎನ್ನುವಂತೆ ಕೇಳಿಸಿಕೊಂಡೆ.

ಶಾಲೆಯ ಹತ್ತಿರವೇ ನರಸಿಂಹಮ್ಮ ಎನ್ನುವವರ ಮನೆಯಲ್ಲಿ ಒಂದು ಕೋಣೆ ಇದೆ. ಕಿಟಕಿ ತೆಗೆದರೆ ದುರ್ಗದ ಬೆಟ್ಟ ಪೂರ್ತಿ ಕಾಣುತ್ತದೆ. ಚಾಪೆ ಅವರೇ ಕೊಡುತ್ತಾರಂತೆ. ಗೋಡೆಯ ಹೋಲ್ಡರಿಗೆ ಕೈ ತೋರಿಸಿ, "ಬಲ್ಬು ಮಾತ್ರ ನೀವೇ ತಂದ್ಕೋಬೇಕಮ್ಮ" ಎಂದರು.

ಇಷ್ಟನ್ನೂ ಅಪ್ಪನಿಗೆ ಹೇಳಿದೆ. ಅವರು ಮಂಡಿಪೇಟೆ ಅಂಗಡಿಯ ಲೆಕ್ಕ ಬರೆಯುತ್ತ ಕೂತಿದ್ದರು. ಪೆನ್ನು ಕೆಳಗಿಟ್ಟು ಬಹಳ ಸಂತೋಷಪಟ್ಟರು. ನಮ್ಮ ಮನೆತನದಲ್ಲಿ ಮೇಷ್ಟರಾದವರು ಯಾರೂ ಇಲ್ಲ ಎಂದರು. ಅಮ್ಮನನ್ನು ಕರೆದು ಸಕ್ಕರೆ ತರಿಸಿ ನನ್ನ ಬಾಯಿಗೆ ಹಾಕಿದರು. ಆಮೇಲೆ, ನಿಜವಾಗಿಯೂ ತಿಳಿಯದೆ ಕೇಳುವ ಹಾಗೆ, "ಗುಬ್ಬಿಗೆ ಯಾರು ಹೋಗ್ತಾರಮ್ಮ?" ಎಂದರು.

ಮತ್ತೆ ಅವರೇ ಹೇಳಿದರು:

"ನೀನು ಹೋಗು. ನಾನೇನು ಬೇಡ ಅಂತೀನಾ? ಇನ್ನೊಂದು ವರ್ಷ. ಅಷ್ಟರಲ್ಲಿ ನನ್ನ ಕಾಲೂ ಸರಿ ಹೋಗುತ್ತೆ, ಅವನಿಗೂ ಸಾಕಾಗಿರುತ್ತೆ. ಕೆಲಸ ಎಲ್ಲಿಗೆ ಹೋಗುತ್ತೆ, ಮುಂದಿನ ವರ್ಷಾನೂ ಇರುತ್ತೆ."

ಬಾಯಲ್ಲಿ ಇನ್ನೂ ಸಕ್ಕರೆ ಇತ್ತು. ಅವರು ಗದರಿದ್ದರೆ, ಹೆಣ್ಣುಮಕ್ಕಳಿಗೆ ಯಾಕೆ ಕೆಲಸ ಎಂದಿದ್ದರೆ, ನನಗೂ ಏನಾದರೂ ಹೇಳುವುದಕ್ಕೆ ಬರುತ್ತಿತ್ತು. ಅವರು ಎಡಗಾಲನ್ನು ಎರಡು ಕೈಯಿಂದ ಎತ್ತಿ ಮಣೆಯ ಮೇಲೆ ಇಟ್ಟುಕೊಂಡು ಮತ್ತೆ ಲೆಕ್ಕ ಬರೆಯಲು ಶುರುಮಾಡಿದರು.

ಈ ಗಿರಣಿಗೆ ಒಂದೂ ಕಿಟಕಿ ಇಲ್ಲ ಎನ್ನುವುದನ್ನು ನಾನು ಇವತ್ತು ಗಮನಿಸಿದೆ. ಇಷ್ಟು ದಿನದಿಂದ ಬರುತ್ತಿದ್ದೇನೆ.

ತುಳಸಿ

*

ಗುಬ್ಬಿ
೧೫–೪–೧೯೮೧

ತುಳಸಿ,

ಮಾವಿನ ಸೊಪ್ಪು ಬಾಡಿತ್ತು. ಕಟ್ಟಿದ್ದೇನೆ.

ಇನ್ನೊಂದು ವರ್ಷ ಎನ್ನುವ ಮಾತು ನನಗೆ ಚೆನ್ನಾಗಿ ಗೊತ್ತು. ತಿಪಟೂರಿನ ಕಡೆಯವರು ನನ್ನನ್ನು ನೋಡಿಕೊಂಡು ಹೋದಾಗ ನನಗೆ ಇಪ್ಪತ್ತಾರು. ಅವರಿಗೆ ಒಪ್ಪಿಗೆಯಾಗಿತ್ತು. ಅಪ್ಪನೂ ಬಹಳ ಸಂತೋಷಪಟ್ಟಿದ್ದರು.

ಇರಲಿ. ನಾನು ಯೋಚನೆ ಮಾಡಿದ್ದೇನೆ, ಕೇಳು. ನಿನ್ನ ಬೀಗದ ಕೈ ನನಗೆ ಕೊಡು. ಹೇಗೂ ಬುಧವಾರ ಬರುವವಳು, ಮುಂದಿನ ಬಾಗಿಲನ್ನೂ ತೆಗೆದು ಗುಡಿಸುತ್ತೇನೆ, ಬಲ್ಬು ನೋಡುತ್ತೇನೆ. ಪುರಸಭೆಯಿಂದ ಹಾಗೇ ಕರೆಂಟ್ ಆಫೀಸಿಗೆ ಹೋಗಿ ನಿಮ್ಮದನ್ನೂ ಕಟ್ಟುತ್ತೇನೆ. ದುಡ್ಡು ನೀನು ಹುಲಿಯೂರುದುರ್ಗದಿಂದ ಕುಣಿಗಲ್ಲಿಗೆ ಬಸ್ಸಿನಲ್ಲಿ ಯಾರ ಕೈಯಲ್ಲಾದರೂ ಕಳಿಸು. ರಶೀದಿ ನಿನಗೆ ತಲುಪಿಸುತ್ತೇನೆ, ನೀನು ದೊಡ್ಡಪ್ಪನಿಗೆ ಕಳಿಸು. ಗುಬ್ಬಿಗೆ ರಜದ ದಿನ ಹೋಗಿ ಬರುತ್ತೇನೆ ಎಂದು ಅವರಿಗೆ ಹೇಳಿದರಾಯಿತು.

ಇಬ್ಬರು ಗಂಡಸರ ಹಟವನ್ನು ಒಬ್ಬಳೇ ಹೆಂಗಸು ಸಾಕುತ್ತಿದ್ದಾಳೆ ಎಂದು ಅವರಿಗೆ ಗೊತ್ತಾಗಬೇಕಾಗಿಲ್ಲ. ನನಗೆ ಹೇಗೂ ಅಭ್ಯಾಸವಾಗಿದೆ. ಮೂವತ್ತಮೂರರ ಮೇಲೆ ಹೊಸದಾಗಿ ಏನು ಆಗಬೇಕು?

ಯೋಚನೆ ಮಾಡುತ್ತ ಕೂರಬೇಡ. ನೀನು ಹಾಗೆ ಕೂರುವವಳು ಎಂದು ಗೊತ್ತು.

ಕಮಲ

*

ಗುಬ್ಬಿ
೧–೫–೧೯೮೧

ಕಮಲಕ್ಕ,

ನಿನ್ನ ಕಾಗದ ಓದಿದ ದಿನ ಮನೆಗೆ ಹೋಗುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ಪಕ್ಕದಲ್ಲಿದ್ದವರು ಸರಿದು ಕೂತರು. ಟ್ರಂಕು ತೆಗೆದು ಸೀರೆಗಳನ್ನು ಬಿಸಿಲಿಗೆ ಹಾಕಿದೆ. ರಜದ ದಿನ ನಾನೇ ಗುಬ್ಬಿಗೆ ಹೋಗಿ ಬರುತ್ತೇನೆಂದು ಅಪ್ಪನಿಗೆ ಹೇಳಿದೆ. ಅವರು ನಂಬಿದರು. ಅವರು ನಂಬಿದ್ದು ಎಷ್ಟು ಬೇಗ ಎಂದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇವತ್ತು ಬೀಗದ ಕೈಯನ್ನು ನಿನಗೆ ಕೊಡಬೇಕೆಂದು ಬಾಗಿಲ ಕೆಳಗೆ ತಳ್ಳಿದೆ. ಅದು ತೂರಲಿಲ್ಲ. ತಾತನ ಕಾಲದ ಬೀಗವಲ್ಲವೇ, ಅದರ ಕೈ ಅಂಗೈ ಉದ್ದ, ಹಿಡಿಯ ಬಳೆ ದಪ್ಪ. ಅಡ್ಡ ಮಾಡಿದೆ, ಉದ್ದ ಮಾಡಿದೆ. ಒಂದು ಕಡ್ಡಿ ತಂದು ಹೊಸ್ತಿಲ ಕೆಳಗಿನ ಮಣ್ಣು ಕೆರೆದೆ. ಮೊಣಕಾಲೂರಿ, ಕೆನ್ನೆ ನೆಲಕ್ಕೆ ತಾಗುವ ಹಾಗೆ ಬಗ್ಗಿ ನೋಡಿದೆ. ಆ ಕಡೆ ನೀನು ತೊಳೆದ ತೊಟ್ಟಿಯ ಬುಡ ಕಾಣಿಸಿತು. ಎಷ್ಟು ಚೊಕ್ಕಟವಾಗಿತ್ತೆಂದರೆ ನಾಳೆಯೇ ಭತ್ತ ತಂದು ಸುರಿಯಬಹುದು.

ಹಾಗೇ ಬಗ್ಗಿಕೊಂಡಿದ್ದೆ. ಆಗ ನಿನ್ನ ಕಾಗದದ ತಿಪಟೂರಿನ ಸಾಲು ನೆನಪಿಗೆ ಬಂದಿತು. ಮೊದಲ ಸಲ ಓದಿದಾಗ ನಾನು ಆ ಸಾಲಿನ ಮೇಲೆ ನಿಲ್ಲಲೇ ಇಲ್ಲ. ಬೀಗದ ಕೈ ಎನ್ನುವ ಮಾತಿಗೆ ಓಡಿಹೋಗಿದ್ದೆ. ನೀನು ಅಲ್ಲಿ ಬರೆಯದೆ ಬಿಟ್ಟದ್ದನ್ನು ಇವತ್ತು ನೆಲದ ಮೇಲೆ ಓದಿದೆ.

ಬೀಗದ ಕೈಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಿದ್ದೇನೆ. ಬೇಡ ಎಂದು ಹೇಳುತ್ತಿಲ್ಲ. ಹೇಳುವ ಧೈರ್ಯ ಇಲ್ಲ. ನಿನ್ನ ಮೇಲೆ ಹೊರಿಸದೆ ನಾನು ಇಲ್ಲಿಂದ ಹೋಗುವ ದಾರಿ ಯಾವುದು ಎಂದು ಗೊತ್ತಾಗುತ್ತಿಲ್ಲ. ಅಪ್ಪನ ಕಡೆಯದನ್ನು ನಿಲ್ಲಿಸಿಬಿಟ್ಟರೆ ಚಿಕ್ಕಪ್ಪ ಗೆದ್ದ ಹಾಗಾಗುತ್ತದೆ. ಅಪ್ಪ ಅದನ್ನು ತಡೆದುಕೊಳ್ಳುತ್ತಾರೆಯೆ? ಇಬ್ಬರೂ ಒಂದೇ ದಿನ ನಿಲ್ಲಿಸೋಣ, ನೀನು ಬುಧವಾರ ನಲ್ಲಿ ಮುಚ್ಚು, ನಾನು ಶುಕ್ರವಾರ ದೀಪ ಆರಿಸುತ್ತೇನೆ ಎಂದು ಕೇಳಬೇಕು ಎನ್ನಿಸುತ್ತದೆ. ಹಾಗೆ ಕೇಳುವುದಕ್ಕೆ ನನಗೆ ಏನು ಹಕ್ಕಿದೆ? ನನಗಾದರೆ ಹುಲಿಯೂರುದುರ್ಗ ಇದೆ.

ತುಳಸಿ

*

ಗುಬ್ಬಿ
೧೩–೫–೧೯೮೧

ತುಳಸಿ,

ಬೀಗದ ಕೈಯನ್ನು ಪುಟ್ಟಗಂಗಮ್ಮನ ಹತ್ತಿರ ಕೊಟ್ಟು ಹೋಗು ಎಂದು ಬರೆಯಬೇಕೆಂದೇ ಬಂದೆ. ಬರೆಯಲು ಕೂತರೆ ಆಗುತ್ತಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ನನಗೆ ಗೊತ್ತಿಲ್ಲ. ನಲ್ಲಿ ಮುಚ್ಚಿದ ಮೇಲೆ ಬುಧವಾರ ನಾನು ಎಲ್ಲಿಗೆ ಹೋಗಲಿ? ನಗಬೇಡ.

ನಿನ್ನೆ ಅಪ್ಪ ಜ್ವರದಲ್ಲಿ ಮಲಗಿದ್ದವರು ಎದ್ದು ಕೂತು, ದೀಪ ಇದೆಯಾ ಎಂದು ಕೇಳಿದರು. ನಿನ್ನೆ ಮಂಗಳವಾರ, ನಾನು ಗುಬ್ಬಿಗೆ ಬಂದಿರಲೇ ಇಲ್ಲ. ಇದೆಯಪ್ಪ ಎಂದೆ. ಮಲಗಿದರು.

ಕಮಲ

*

ಗುಬ್ಬಿ
೫–೬–೧೯೮೧, ಶುಕ್ರವಾರ

ಪ್ರೀತಿಯ ಕಮಲಕ್ಕ,

ಮೂರು ಶುಕ್ರವಾರ ನಿನ್ನ ಕಾಗದ ಇರಲಿಲ್ಲ, ನಾನೂ ಬರೆಯಲಿಲ್ಲ. ಬಾಗಿಲ ಕೆಳಗೆ ಬಗ್ಗಿ ನೋಡಿದರೆ ಆ ಕಡೆಯ ನೆಲ ಒದ್ದೆಯಿದ್ದುದರಿಂದ ನೀನು ಬಂದು ಹೋಗಿದ್ದೀ ಎಂದು ಗೊತ್ತಾಗುತ್ತಿತ್ತು. ಸಂದಿಯ ಬೆಳಕು ನೋಡಿ ನಿನಗೂ ಗೊತ್ತಾಗಿರಬೇಕು. ಆಗಲೇ ತಿಳಿಯಿತು, ನಾವೂ ಅಪ್ಪಂದಿರ ಹಾಗೇ ಆಗುತ್ತಿದ್ದೇವೆ ಎಂದು. ನೀರು ಇದೆಯಾ, ದೀಪ ಇದೆಯಾ ಎಂದು ನೋಡಿಕೊಂಡು, ಇದ್ದಾಳೆ ಬಿಡು ಎಂದು ಸಮಾಧಾನ ಮಾಡಿಕೊಂಡು ಮನೆಗೆ ಹೋಗುವುದು.

ಇದುವರೆಗೆ ಇಬ್ಬರೂ ಬರೆಯದೆ ಬಿಟ್ಟ ಮಾತನ್ನು ಇವತ್ತು ಬರೆಯುತ್ತೇನೆ. ಅವರಿಗೆ ಗಿರಣಿ ಬೇಡ, ಕಮಲಕ್ಕ. ಪಾಲೂ ಬೇಡ. ಅಣ್ಣ ಇನ್ನೂ ಇದ್ದಾನೆ, ತಮ್ಮ ಇನ್ನೂ ಇದ್ದಾನೆ ಎನ್ನುವುದು ಗೊತ್ತಾಗುತ್ತಿದ್ದರೆ ಅವರಿಗೆ ಸಾಕು. ಅದನ್ನು ನಾವು ಬಸ್ಸು ಹತ್ತಿ ಇಳಿದು ಅವರಿಗೆ ತಲುಪಿಸುತ್ತಿದ್ದೇವೆ. ನಾವು ತಲುಪಿಸುತ್ತಿರುವಷ್ಟು ದಿನ ಅವರು ಎದ್ದು ಬರುವುದಿಲ್ಲ. ಯಾಕೆ ಬರಬೇಕು?

ಹೋದ ಶುಕ್ರವಾರ ಅಪ್ಪ ಎಂದಿನಂತೆ ಕನ್ನಡಕ ಒರೆಸುತ್ತ ಆ ಕಡೆ ಹೇಗಿದೆ ಎಂದು ಕೇಳಿದಾಗ, "ಚಿಕ್ಕಪ್ಪನಿಗೆ ಜ್ವರ ಬಂದಿತ್ತಂತೆ" ಎಂದೆ. ಯಾರು ಹೇಳಿದರು ಎಂದು ಅವರು ಕೇಳಲಿಲ್ಲ. ಕನ್ನಡಕ ಹಾಕಿಕೊಳ್ಳುವುದನ್ನು ಮರೆತು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. "ಸುಬ್ಬುಗೆ ಜ್ವರ ಬಂದ್ರೆ ಬೇಗ ಇಳಿಯಲ್ಲ. ಚಿಕ್ಕವನಿದ್ದಾಗಿನಿಂದ ಹಾಗೇ." ಅಷ್ಟೇ ಹೇಳಿದರು. ಗಿರಣಿ ಮುಚ್ಚಿದಾಗಿನಿಂದ ಅಪ್ಪನ ಬಾಯಲ್ಲಿ ಆ ಹೆಸರು ಕೇಳಿರಲಿಲ್ಲ.

ಇವತ್ತು ನಾನು ಕರೆಂಟ್ ಆಫೀಸಿನವರೆಗೂ ಹೋದೆ. ಕಿಟಕಿಯ ಮುಂದೆ ಸಾಲಿನಲ್ಲಿ ನಿಂತೆ. ಮುಂದೆ ಒಬ್ಬ ಹೆಂಗಸು ಇದ್ದಳು, ಅವಳ ಪಾವತಿ ಆಗುವಷ್ಟರಲ್ಲಿ ನಾನು ಸಾಲು ಬಿಟ್ಟು ಈಚೆ ಬಂದೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಅಪ್ಪ ಕೊಟ್ಟ ದುಡ್ಡು ಹಾಗೇ ಇದೆ. ಬೀಗದ ಕೈಯ ಜೊತೆ ಅದನ್ನೂ ಈ ಸಂಜೆ ಅವರ ಲೆಕ್ಕದ ಮೇಜಿನ ಮೇಲೆ ಇಡುತ್ತೇನೆ. ನಿನಗೆ ಬೀಗದ ಕೈ ಕೊಡುವುದಿಲ್ಲ. ಕೊಡಬೇಕೆಂದುಕೊಂಡದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಚನ್ನವೀರಯ್ಯನವರ ಮಾತಿನ ಪ್ರಕಾರ ಇವತ್ತಿಗೆ ಚಿಕ್ಕಪ್ಪ ಗೆದ್ದರು. ಗೆಲ್ಲಲಿ. ನೀನು ನಲ್ಲಿ ಮುಚ್ಚು ಎಂದು ನಾನು ಹೇಳುವುದಿಲ್ಲ. ಪುಟ್ಟಗಂಗಮ್ಮನ ಹಂಡೆಯಾದರೂ ತುಂಬುತ್ತದೆ. ಒಂದೇ ಒಂದು ಕೇಳುತ್ತೇನೆ. ಬುಧವಾರ ಚಿಕ್ಕಪ್ಪ ಜಗಲಿಯ ಮೇಲೆ ಕೂತು, ಆ ಕಡೆ ದೀಪ ಇದೆಯಾ ಎಂದು ಕೇಳುತ್ತಾರಲ್ಲ, ಆಗ ಇದೆ ಎನ್ನಬೇಡ. ಇಲ್ಲ ಎನ್ನು. ಬೇರೆ ಏನೂ ಹೇಳಬೇಡ. ಅಣ್ಣನಿಗೆ ಏನಾಯಿತೋ ಎಂದು ಅವರೇ ಎದ್ದು ತುಮಕೂರಿನ ಬಸ್ಸು ಹತ್ತಲಿ. ಹತ್ತದಿದ್ದರೆ ಅದೂ ಗೊತ್ತಾಗಲಿ.

ಅಪ್ಪನಿಗೆ ನಾನೇ ಹೇಳುತ್ತೇನೆ. ಏನು ಹೇಳಬೇಕೆಂದು ಬರುವಾಗ ಬಸ್ಸಿನಲ್ಲಿ ಯೋಚಿಸಿದ್ದೇನೆ. ಈ ಸಲ ಉತ್ತರ ಮೊದಲೇ ಸಿಕ್ಕಿದೆ.

ನಾಡಿದ್ದು ಭಾನುವಾರ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ. ಅದು ಕುಣಿಗಲ್ಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ನೀನು ಈ ಕಾಗದ ಓದುವ ಹೊತ್ತಿಗೆ ಆ ಬಸ್ಸು ಹೋಗಿಯಾಗಿರುತ್ತದೆ ಎಂದು ನನಗೆ ಗೊತ್ತು. ಆದರೂ ನಾನು ಕಿಟಕಿಯ ಪಕ್ಕದಲ್ಲೇ ಕೂರುತ್ತೇನೆ. ಬುಧವಾರ ಎಲ್ಲಿಗೆ ಹೋಗಲಿ ಎಂದು ನೀನು ಕೇಳಿದ್ದೆಯಲ್ಲ, ಹುಲಿಯೂರುದುರ್ಗಕ್ಕೆ ಕುಣಿಗಲ್ಲಿನಿಂದ ಒಂದೇ ಬಸ್ಸು, ಎಲ್ಲೂ ಬದಲಾಯಿಸಬೇಕಾಗಿಲ್ಲ. ಅಳತೆ ಟೇಪು ತಾ. ಮೇಡಂ ಎನ್ನಿಸಿಕೊಳ್ಳುವವಳಿಗೆ ಒಂದು ಒಳ್ಳೆಯ ರವಿಕೆಯೂ ಇಲ್ಲ.

ನಡುಬಾಗಿಲಿನ ನನ್ನ ಕಡೆಯ ಚಿಲಕ ತೆಗೆದಿದ್ದೇನೆ. ತುಕ್ಕು ಹಿಡಿದಿತ್ತು, ಬಿಡಿಸುವಾಗ ಬೆರಳು ತರಚಿತು. ಕಾಗದದ ಮೇಲಿನ ಕಲೆ ಅದರದೇ, ಹೆದರಬೇಡ.

ಈಗ ಮುಂದಿನ ಬಾಗಿಲಿನ ಬೆಳಕಿನಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಕತ್ತಲೆಯಾಗಿದೆ. ಸ್ವಿಚ್ಚು ಆರಿಸಿ, ಬಲ್ಬು ತಣ್ಣಗಾಗುವವರೆಗೂ ಕಾದು, ಸ್ಟೂಲು ಹತ್ತಿ ಬಿಚ್ಚಿಕೊಂಡೆ. ಸೆರಗಿನಲ್ಲಿ ಒರೆಸಿ, ಕರ್ಚೀಫಿನಲ್ಲಿ ಸುತ್ತಿ ಚೀಲದಲ್ಲಿಟ್ಟಿದ್ದೇನೆ. ನರಸಿಂಹಮ್ಮನವರ ಕೋಣೆಗೆ ಒಂದು ಬಲ್ಬು ಬೇಕಲ್ಲ.

ನಿನ್ನ,
ತುಳಸಿ